ಹೆಬ್ಬೆಟ್ಟು

ಶಿಡ್ಲಘಟ್ಟದ ನಾಡಕಚೇರಿ, ಮಂಗಳವಾರ.
ಬೆರಳಚ್ಚಿನ ಯಂತ್ರ ಮೂರನೇ ಸಲವೂ ಒಲ್ಲೆ ಎಂದಿತು.
ಮುನಿಲಕ್ಷ್ಮಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿದಳು,
ತಪ್ಪು ತನ್ನದೇ ಎಂಬಂತೆ.

ರಹಮತುನ್ನೀಸಾ ಮೇಡಂ ಎದ್ದು ಬಂದು
ಆ ಕೈ ಹಿಡಿದು ಮೂಸಿದರು.
ನಾನು ಕಡತ ಹೊರುವವನು, ಹನ್ನೊಂದು ಸಾಹೇಬರನ್ನು ಕಂಡವನು;
ಇದನ್ನು ಕಂಡಿರಲಿಲ್ಲ.

"ಎಷ್ಟು ವರ್ಷ ಚರಕದ ಮುಂದೆ?"
"ಮೂವತ್ತಾಗಿರಬೇಕು ತಾಯಿ."

ಕುದಿನೀರಲ್ಲಿ ಗೂಡು ತಡಕುವ ಬೆರಳಿಗೆ
ಎಳೆಯ ತುದಿ ಸಿಗುತ್ತದೆ, ಗೆರೆ ಉಳಿಯುವುದಿಲ್ಲ.
ಮೇಡಮ್ಮನ ತಾಯಿ ಜೈತೂನ್‌ಬಿಗೂ ಹೀಗೇ ಅಂತೆ.
ಅವಳು ಹೆಣೆದ ಜಡೆಯಲ್ಲಿ ಹುಳು ಬೆಂದ ವಾಸನೆ;
ಶಾಲೆಯಲ್ಲಿ ಪಕ್ಕದ ಹುಡುಗಿ ಸರಿದು ಕೂರುತ್ತಿದ್ದಳಂತೆ.
ಹೇಳಿದ್ದು ಒಮ್ಮೆ ಮಾತ್ರ, ಟೀ ಆರುವಷ್ಟು ಹೊತ್ತು.

ಆಮೇಲೆ ಪ್ರತಿ ಬುಧವಾರ
ನನ್ನ ಸ್ಕೂಟರಿನ ಹಿಂದೆ,
ಕಣ್ಣು ನೋಡುವ ಯಂತ್ರ ಮಡಿಲಲ್ಲಿಟ್ಟುಕೊಂಡು,
ನೂಲು ತೆಗೆಯುವವರ ಓಣಿಗಳಲ್ಲಿ ಬಾಗಿಲು ಬಡಿಯುತ್ತಾರೆ.
"ಕಣ್ಣು ಬಿಡಮ್ಮ, ರೆಪ್ಪೆ ಬಡೀಬೇಡ."

ನಿನ್ನೆ ಒಬ್ಬಾಕೆಗೆ ಎರಡೂ ಕಣ್ಣಲ್ಲಿ ಪೊರೆ.
ಯಂತ್ರ ಅವಳನ್ನೂ ಒಲ್ಲೆ ಎಂದಿತು.
ಮೇಡಂ ಹಳೇ ರಿಜಿಸ್ಟರ್ ಬಿಚ್ಚಿ
ಹೊಸ್ತಿಲ ಮೇಲೆ ಕೂತು ಬರೆದರು:
'ಈಕೆಯನ್ನು ನಾನು ಬಲ್ಲೆ.'
ಕೆಳಗೆ ಸಹಿ, ಮೊಹರು.
ಮತ್ತೆ, ಯಾರೂ ಕೇಳದಿದ್ದರೂ,
ತಮ್ಮ ಹೆಬ್ಬೆಟ್ಟು.