ಪಡಿಯಚ್ಚು

ಬೆಳಿಗ್ಗೆ ಒಂಬತ್ತೂ ಐವತ್ತೆಂಟು.
ಉಣಕಲ್ಲಿನಿಂದ ಧಾರವಾಡದ ತನಕ ನಿಂತೇ ಬಂದೆ,
ಚಿಗರಿ ಬಸ್ಸಿನ ಬಾಗಿಲಿಗೆ ಬೆನ್ನು ಹಚ್ಚಿ.
ಈಗ ಅಂಗೈಯಗಲದ ಯಂತ್ರದೆದುರು
ಹೆಬ್ಬೆರಳು ಚಾಚಿದ್ದೇನೆ.
ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.
ಸೆರಗಿಗೆ ಒರೆಸುತ್ತೇನೆ. ಊದುತ್ತೇನೆ.
ದಯವಿಟ್ಟು ಮತ್ತೊಮ್ಮೆ.
ಹಿಂದೆ ಸಾಲಿನಲ್ಲಿ ರಸಾಯನಶಾಸ್ತ್ರದ ಕುಂದರಗಿ ಮೇಡಂ,
ಆಸಿಡ್ಡು ತಿಂದ ಬೆರಳೆತ್ತಿ ನಗುತ್ತಾರೆ:
'ನಿಮ್ಮದರಾಗ ಗೆರಿ ಇಲ್ಲ,
ನನ್ನದರಾಗ ಬೆರಳಽ ಇಲ್ಲ ನೋಡ್ರಿ.'
ಹತ್ತಾಯಿತು. ಹತ್ತರ ಮೇಲೆ ಒಂದು ನಿಮಿಷಕ್ಕೆ
ಅರ್ಧ ದಿನದ ಪಗಾರ.

ಗೆರೆ ಎಲ್ಲಿ ಹೋದವು ಎಂದು ಕೇಳಿದರೆ ಹೇಳಬಲ್ಲೆ.
ಹನ್ನೊಂದು ವರ್ಷ, ಗದಗಿನಾಚೆ, ಕೆರೆದಂಡೆ, ಹಾಳುಗುಡಿ,
ಯಾರದೋ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿದ್ದ ಒಂದು.
ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು,
ಮಸಿಯುಂಡೆ ಒತ್ತಿ, ಅದೂ ಸಾಲದೆ
ಬರಿಬೆರಳಲ್ಲಿ ಅಕ್ಷರದ ಕುಳಿ ತಡವಿ ತಡವಿ ಓದಿದ್ದು.
ಕಲ್ಲೂ ಪುಕ್ಕಟೆ ಕೊಡುವುದಿಲ್ಲ ಏನನ್ನೂ.

ಹೊಸ ಫಾರ್ಮು ಬಂದಿದೆ, ಹದಿನಾರು ಪುಟ.
ತುಂಬುವುದು ಹೇಗೆಂದು ಕಲಿಸಲು ಕಂಪನಿಯಿಂದ ಒಬ್ಬ ಹುಡುಗ.
ಒಳ್ಳೆಯವನೇ; ನೀರು ಕೇಳಿ ಕುಡಿದ.
'ಮೇಡಂ, ಈ ಮೂರು ತಿಂಗಳಲ್ಲಿ ನಿಮ್ಮ ಔಟ್‌ಪುಟ್?'
'ಒಂದು ಅಕ್ಷರ' ಎಂದೆ.
ಏಳನೆಯ ಸಾಲು, ಚಕ್ಕೆ ಎದ್ದ ಕಡೆ:
ಅದು ಱ ಅಲ್ಲ, ೞ.
ಅಷ್ಟಕ್ಕೆ ಊರಿನ ಹೆಸರೇ ಬೇರೆಯಾಗುತ್ತದೆ,
ಕೆರೆ ಯಾರದೆಂಬುದೂ.
ಆತ ಟೈಪಿಸಿದ. ಪರದೆಯ ಮೇಲೆ ಮೂಡಿದ್ದು
ಒಂದು ಖಾಲಿ ಚೌಕ.
'ಸೊನ್ನೆ ಅಂತ ಹಾಕಲಾ?'

ಆ ಕಲ್ಲು ಹೇಳುವುದಿಷ್ಟು:
ಓದಿಸುವ ಉಪಾಧ್ಯಾಯಂಗೆ ಮತ್ತರೆರಡು,
ಸೊಡರೆಣ್ಣೆಗೆ ಗಾಣವೊಂದು,
ಚಂದ್ರಾರ್ಕರುಳ್ಳನ್ನೆವರಂ.
ನನ್ನ ಆದೇಶಪತ್ರ:
ಅತಿಥಿ. ಹತ್ತು ತಿಂಗಳು. ವಾರಕ್ಕೆ ಹದಿನೈದು ತಾಸು.
ಮಾರ್ಚಿಗೆ ತಾನಾಗಿಯೇ ಮುಕ್ತಾಯ.
ಅತಿಥಿ ಬಂದರೆ ನಮ್ಮ ಕಡೆ ಕಾಲಿಗೆ ನೀರು ಕೊಡುತ್ತಾರೆ.
ಇಲ್ಲಿ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು,
ಹೋಗುವಾಗ ಎಣಿಸಿ ಒಪ್ಪಿಸಬೇಕು.

ಕಲ್ಲಿನ ಕೊನೆಗೊಂದು ಶಾಪ: ಇದನಳಿದವಂ ವಾರಣಾಸಿಯೊಳ್
ಸಾಸಿರ ಕವಿಲೆಯಂ ಕೊಂದ ಪಾತಕನಕ್ಕುಂ.
ಸುತ್ತೋಲೆಯ ಕೊನೆಗೂ ಒಂದಿದೆ:
ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.
ಕಲ್ಲು ಹೆದರಿಸಿದ್ದು ಕಸಿಯುವವನನ್ನು.
ಸುತ್ತೋಲೆ ಯಾರನ್ನು?
ಎರಡು ಅಂಕಕ್ಕೆ ಕೇಳಬಹುದು, ಪರೀಕ್ಷೆಯಲ್ಲಿ.

ಮುಳಗುಂದ ಸರ್ ಪಾಠ ಬಿಟ್ಟು ಎರಡು ವರ್ಷ,
ಈಗ ಗುಣಮಟ್ಟ ಘಟಕದ ಸಂಚಾಲಕರು.
ಒಂದು ಸಾಲಿಗೆ ಒಂದು ಇಡೀ ಮಧ್ಯಾಹ್ನ ಸುರಿಯುತ್ತಿದ್ದವರು
ನನ್ನ ತರಗತಿಯ ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತಾರೆ,
ಅಕ್ಷಾಂಶ ರೇಖಾಂಶ ಸಮೇತ.
'ಸ್ವಲ್ಪ ಬೋರ್ಡಿನ ಕಡೆ ಕೈ ಮಾಡ್ರಿ.'
ಮಾಡುತ್ತೇನೆ.
ಹೊರಟವರು ಮತ್ತೆ ತಿರುಗಿ, ಮೆಲ್ಲಗೆ,
'ಆ ೞ... ಖರೇ ಏನ್ರಿ?'
'ಖರೇ ರೀ ಸರ್.'
ಫೋನು ಕಿಸೆಗಿಡಲು ಅವರಿಗೆ ಎರಡು ಸಲ ತಪ್ಪಿತು.

ಸಂಜೆ ಐದರ ಮೇಲೆ ಕಾರಿಡಾರು ಖಾಲಿ.
ಮೆಹಬೂಬಸಾಬ ನದಾಫ, ವಿಭಾಗದ ಪಡಿಯಚ್ಚುಗಾರ,
ಏಪ್ರಿಲ್ಲಿಗೆ ನಿವೃತ್ತಿ, ಜೊತೆಗೇ ಹುದ್ದೆ ರದ್ದು,
ಉಳಿದ ಕಾಗದದ ಚೂರೊಂದು ತೋಯಿಸಿ ತಂದು
ಯಂತ್ರದ ಮೇಲೆ ಹಚ್ಚಿದ. ನಾನು ಬೇಡ ಎನ್ನಲಿಲ್ಲ.
ಕುಂಚದಿಂದ ಹಗೂರ ಬಡಿದ, ಕೂಸಿನ ಬೆನ್ನು ತಟ್ಟಿದಂತೆ,
ಮಸಿ ಒತ್ತಿದ, ಬಿಡಿಸಿದ, ಕಿಟಕಿಯ ಬೆಳಕಿಗೆ ಹಿಡಿದ.
ಕೆತ್ತಿದ್ದು ಬೆಳ್ಳಗೆ ಬರಬೇಕು.
ಇಡೀ ಚೂರು ಕರ್ರಗೆ.
'ಬಾಯಾರ, ಏನೂ ಬರ್ದಿಲ್ರಿ ಇದರಾಗ.'
ಆರಲೆಂದು ಹಗ್ಗಕ್ಕೆ ಹಾಕಿ, ಕೈ ಒರೆಸಿಕೊಳ್ಳುತ್ತ,
'ಇರ್ಲಿ. ಇದಕ್ಕೂ ಒಂದು ನಂಬರ್ ಹಾಕ್ರಿ.'