ಜನವರಿಯ ಫ್ಯಾನು

ಡುಲೂತಿನ ಹಾಸ್ಟೆಲ್ಲು, ಎರಡನೆಯ ಮಹಡಿ.
ಎರಡು ಮಂಚ, ಎರಡು ಮೇಜು, ಒಂದೇ ಕಿಟಕಿ,
ಕಿಟಕಿಯ ತುಂಬ ಸರೋವರ.
ಆಚೆ ದಡ ಕಾಣದು, ಸಮುದ್ರವೆಂದರೂ ನಡೆದೀತು.

ನಾನು ಬಂದದ್ದು ಉತ್ತರದ ಕಬ್ಬಿಣದ ಗಣಿಯೂರಿಂದ.
ನಮ್ಮ ತರಗತಿಯಲ್ಲಿ ಇಪ್ಪತ್ಮೂರು ಮಂದಿ,
ಇಪ್ಪತ್ಮೂರರಲ್ಲಿ ನಾನೇ ಮೊದಲು.
ಪತ್ರಿಕೆಯಲ್ಲಿ ಫೋಟೊ ಕೂಡ ಬಂದಿತ್ತು,
ಹಾಕಿ ತಂಡದ ಕೆಳಗೆ, ಚಿಕ್ಕದಾಗಿ.

ಇಲ್ಲಿ ರಸಾಯನಶಾಸ್ತ್ರಕ್ಕೆ ಮುನ್ನೂರು ಕುರ್ಚಿ.
ಹಿಂದಿನ ಸಾಲಿಗೆ ಮೇಷ್ಟ್ರು ಬೆರಳುದ್ದ ಕಾಣುತ್ತಾರೆ.
ಮೊದಲ ವಾರವೇ ಮೋಲ್ ಎಂಬುದನ್ನು
ತರಗತಿಯೊಳಗೆ ಬಿಟ್ಟರು. ಎಣಿಸಿ ಎಂದರು.
ಮತ್ತೆ ಅದೇ ಇಪ್ಪತ್ಮೂರು,
ಈ ಸಲ ಹತ್ತರ ತಲೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.
ನಾನು ಹಿಡಿದ ಮೋಲಿಗೆ ಮೂರೇ ಕಾಲೆಂದು
ಪರೀಕ್ಷೆಯಲ್ಲಿ ಹಟ ಹಿಡಿದೆ.
ಮೂವತ್ತೆಂಟು ಬಂತು.
ನೂರಕ್ಕೆ.

ಭಾನುವಾರ ಅಪ್ಪನ ಫೋನು.
'ಹೇಗಿದೆ ಐಲಿ?'
'ಚೆನ್ನಾಗಿದೆ.'
'ಹೂಂ.'
ನಮ್ಮ ಮನೆಯಲ್ಲಿ ಒಂದು ಹೂಂ ಎಂದರೆ ಅರ್ಧ ಗಂಟೆಯ ಮಾತು.
ಅದರೊಳಗೆ ಮೂವತ್ತೆಂಟನ್ನು ತೂರಿಸಲು
ಸಂದು ಸಿಗಲಿಲ್ಲ.

ಪಕ್ಕದ ಮಂಚದವಳು ಗೌನೂ.
ಸೂರ್ಯನ ಹುಡುಗಿ ಎಂದರ್ಥವಂತೆ, ಅವರ ಹ್ಮಾಂಗ್ ಮಾತಿನಲ್ಲಿ.
ಸೇಂಟ್ ಪಾಲಿನ ಮನೆಯಲ್ಲಿ ಹನ್ನೊಂದು ಜನ, ಒಂದು ಬಚ್ಚಲು;
ಅಜ್ಜಿಯ ಕೆಮ್ಮು, ತಮ್ಮಂದಿರ ಗೊರಕೆ,
ನಡುರಾತ್ರಿ ಪಾಳಿ ಮುಗಿಸಿ ಬರುವ ಚಿಕ್ಕಪ್ಪನ ಬೀಗದ ಕೈ.
ಸೆಪ್ಟೆಂಬರಿನಲ್ಲಿ ಬಂದವಳೇ ಫ್ಯಾನು ಹಾಕಿದಳು.
ಸೆಕೆಗೆ ಅಂದುಕೊಂಡೆ.
ಅಕ್ಟೋಬರ್ ಬಂತು, ಫ್ಯಾನು ತಿರುಗುತ್ತಲೇ ಇತ್ತು.
ನವೆಂಬರಿನಲ್ಲಿ ನಾನು ಎದ್ದು ಆರಿಸಿದೆ.
ಅವಳು ಎದ್ದು ಹಾಕಿದಳು.
ನಾನು ಆರಿಸಿದೆ.
ಹೀಗೆ ಒಂದು ವಾರ, ಬಾಯಿ ಬಿಡದೆ,
ನಮ್ಮ ಮಹಾಯುದ್ಧ ನಡೆಯಿತು.

ಒಂದು ರಾತ್ರಿ ಯಾರೋ ಪಾಪ್‌ಕಾರ್ನ್ ಸೀಯಿಸಿದರು.
ಬೆಂಕಿಯ ಗಂಟೆ ಹೊಡೆದು, ಇನ್ನೂರು ಜನ
ರಗ್ಗು ಹೊದ್ದು, ಚಪ್ಪಲಿಯಲ್ಲಿ, ಹಿಮದಲ್ಲಿ.
ಎಲ್ಲರೂ ಬೈಯುತ್ತಿದ್ದರು, ನಡುಗುತ್ತಿದ್ದರು, ನಗುತ್ತಿದ್ದರು.
ಆ ಗದ್ದಲದ ನಟ್ಟನಡುವೆ ನಿಂತು
ಗೌನೂ ಆಕಳಿಸಿದಳು.
ನನ್ನ ಹೆಗಲಿಗೆ ತಲೆ ಆನಿಸಿ, ನಿಂತಲ್ಲೇ ತೂಗಿದಳು.
ಆಗ ಹೊಳೆಯಿತು.
ಸದ್ದಿದ್ದರೆ ನನಗೆ ನಿದ್ದೆಯಿಲ್ಲ,
ಸದ್ದಿಲ್ಲದಿದ್ದರೆ ಅವಳಿಗಿಲ್ಲ.

ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಟ್ಟೆವು,
ತಪ್ಪು ಮಾಡಿದ ಮಗುವಿನ ಹಾಗೆ.
ಗಾಳಿ ಗೋಡೆಗೆ, ಗುಂಯ್‌ ಅವಳಿಗೆ,
ಕಿವಿಗೆ ತುರುಕಿಕೊಳ್ಳಲು ಹತ್ತಿ ನನಗೆ.

ಸ್ವೆಟರುಗಳ ಅಡಿಯಲ್ಲಿ, ಕಾನೂನು ಮೀರಿ,
ಅವಳದೊಂದು ಅನ್ನದ ಕುಕ್ಕರು.
ಒಂದು ಗಂಟೆ ರಾತ್ರಿ, ಪುಸ್ತಕ ಮುಚ್ಚಿಸಿ ಕೇಳಿದಳು:
'ಅಕ್ಕಿ ಒಂದು ಲೋಟ, ನೀರು ಹತ್ತು ಲೋಟ. ಎಷ್ಟು ಜನಕ್ಕೆ ಊಟ?'
'ಅಕ್ಕಿ ಇದ್ದಷ್ಟು.'
'ಮತ್ತೆ? ಅಷ್ಟೇ ಕಣೇ ಈ ಪಾಠ.
ಯಾವುದು ಮೊದಲು ಮುಗಿಯುತ್ತದೋ ಅದರ ಲೆಕ್ಕ ಹಿಡಿ.'
ಎರಡನೇ ಪರೀಕ್ಷೆಗೆ ಅರವತ್ತೊಂದು.
ದೊಡ್ಡ ಸಂಗತಿಯಲ್ಲ. ಅಪ್ಪನಿಗೆ ಹೇಳಿದೆ.
'ಹೂಂ' ಎಂದರು. ಸ್ವಲ್ಪ ತಡೆದು, ಇನ್ನೊಂದು ಹೂಂ.

ಈಗ ಜನವರಿ. ಸರೋವರ ಗಟ್ಟಿಯಾಗಿದೆ.
ಅದಿರಿನ ಹಡಗುಗಳು ನಿಂತಿವೆ, ಅವುಗಳ ಕೊಂಬಿನ ಕೂಗೂ.
ಕ್ಯಾಲ್ಕುಲಸ್ಸು ಇನ್ನೂ ನನಗೆ ಒಲಿದಿಲ್ಲ.
ನಿನ್ನೆ ಮೂರು ಗಂಟೆಗೆ ಕರೆಂಟು ಹೋಯಿತು.
ಫ್ಯಾನು ನಿಧಾನವಾಗಿ, ರೆಕ್ಕೆ ರೆಕ್ಕೆ ಬಿಡಿಸಿಕೊಂಡು, ನಿಂತಿತು.
ಇಬ್ಬರಿಗೂ ಒಟ್ಟಿಗೇ ಎಚ್ಚರ.
'ಏನಾಯ್ತು?'
'ಏನಿಲ್ಲ. ಫ್ಯಾನು.'

ಕತ್ತಲಲ್ಲಿ ಅವಳು ಮಗ್ಗುಲು ಬದಲಿಸುವುದು ಕೇಳಿಸಿತು.
ಒಂದು ಸಲ. ಮತ್ತೊಂದು ಸಲ.
ನಾನು ಕಿವಿಯ ಹತ್ತಿ ತೆಗೆದಿಟ್ಟು,
ಬೇಕೆಂತಲೇ,
ಸ್ವಲ್ಪ ಜೋರಾಗಿ ಉಸಿರಾಡತೊಡಗಿದೆ.