ಒಂದೇ ಹಾಸಿಗೆ

ಜುಲೈ ಒಂದು ಬಂತೆಂದರೆ ಮಾಂಟ್ರಿಯಲ್ಲಿನಲ್ಲಿ
ಅರ್ಧ ಊರು ಮನೆ ಬದಲಿಸುತ್ತದೆ.
ಸುತ್ತುಮೆಟ್ಟಿಲಲ್ಲಿ ಫ್ರಿಜ್ಜು ಸಿಕ್ಕಿಕೊಳ್ಳುತ್ತದೆ, ಬೈಗುಳ ಹಾರುತ್ತವೆ,
ಬೇಡವಾದದ್ದೆಲ್ಲ ಫುಟ್‌ಪಾತಿನ ಪಾಲು.
ಅಲ್ಲೇ ಸಿಕ್ಕಿತ್ತು ನಮಗೆ ಆ ಹಸಿರು ಸೋಫಾ.
ವಿಲ್ನೇರ್, ನೀನದನ್ನು ತಲೆಯ ಮೇಲೆ ಹೊತ್ತು
ಮೂರು ಮಹಡಿ ಹತ್ತಿದೆ,
ಬೇಟೆ ತಂದವನ ಹಾಗೆ.

ಮೊದಲ ವಾರ ಏನಿಲ್ಲ.
ಆಮೇಲೊಂದು ಬೆಳಿಗ್ಗೆ ಮೊಣಕೈ ಕೆಳಗೆ
ಮೂರು ಕೆಂಪು ದದ್ದು,
ಅಳತೆಪಟ್ಟಿ ಇಟ್ಟು ಗುರುತು ಹಾಕಿದಂತೆ.
ಸೊಳ್ಳೆ, ಅಂದೆ ನೀನು.
ನಾನು ಶಾಬನೆಲ್ ಬೀದಿಯ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷ ಹೊಲಿದವಳು;
ಹೊಲಿಗೆಯ ಸಾಲು ಯಾವುದು, ಸುಮ್ಮನೆ ಸಿಡಿದ ಚುಕ್ಕಿ ಯಾವುದು
ನನಗೆ ತಿಳಿಯದೇ?
ಸೊಳ್ಳೆ ಹಾರಿ ಬರುತ್ತದೆ, ಕಿವಿಯಲ್ಲಿ ಹೇಳಿ ಬರುತ್ತದೆ.
ಇದು ನಡೆದು ಬಂದದ್ದು.
ತಿಂದು, ನಾಲ್ಕು ಹೆಜ್ಜೆ ಇಟ್ಟು,
ಮತ್ತೆ ತಿಂದದ್ದು.

ಕ್ಲಿನಿಕ್ಕಿನ ಹುಡುಗ ಡಾಕ್ಟರು
ಸೋಪು ಬದಲಿಸಿ ಎಂದ, ಒಂದು ಮುಲಾಮು ಬರೆದ.
ಇರಬಹುದು, ಅವನೂ ಪಾಪ ದದ್ದನ್ನಷ್ಟೇ ನೋಡಿದ,
ಮನೆ ನೋಡಲಿಲ್ಲ.
"ಹಾಗಾದರೆ ನನಗೇಕಿಲ್ಲ?" ಅಂತ ನೀನು ಅಂಗಿ ಎತ್ತಿದೆ.
ಅದೇ ಹಾಸಿಗೆ, ಅದೇ ಹೊದಿಕೆ,
ತೊಳೆದ ಹಂಡೆಯ ಹಾಗೆ ನಿನ್ನ ಬೆನ್ನು.
ಆ ಬೆನ್ನಿನೆದುರು ನನ್ನ ಮಾತು ಸೋತಿತು.
ನಿದ್ದೆಗೆಟ್ಟವಳು, ಸುಮ್ಮನೆ ತುರಿಸಿಕೊಳ್ಳುವವಳು,
ಎಂದೆಲ್ಲ ಆದೆ ನಾನು.
ರಾತ್ರಿ ಮೂರಕ್ಕೆ ಎದ್ದು ಬಚ್ಚಲ ದೀಪದಲ್ಲಿ ಎಣಿಸುವುದು:
ಮಣಿಕಟ್ಟಿನಲ್ಲಿ ಆರು, ಕುತ್ತಿಗೆಯಲ್ಲಿ ಎರಡು,
ಕಣಕಾಲು... ತುರಿಸಿ ತುರಿಸಿ ಲೆಕ್ಕ ಕಲಸಿಹೋಗಿತ್ತು.

ಕೆಳಮನೆಯ ಯುಗೆತ್ ಅಜ್ಜಿಗೆ ಎಂಬತ್ತೊಂದು.
ನನ್ನ ತೋಳು ನೋಡಿದಳು, ಏನೂ ಅನ್ನಲಿಲ್ಲ,
ಟಾರ್ಚು ಹಿಡಿದು ಮೆಟ್ಟಿಲೇರಿದಳು.
ಕೋಣೆಯ ಬಾಗಿಲಲ್ಲೇ ನಿಂತು ಮೂಗೆಳೆದಳು.
"ಚಿಕ್ಕಂದಿನಲ್ಲಿ ನಮ್ಮ ಮನೆಯೂ ಹೀಗೇ ನಾರುತ್ತಿತ್ತು,
ಮಂಚದ ಕಾಲಿಗೆ ಅಮ್ಮ ಸೀಮೆಎಣ್ಣೆ ಡಬ್ಬಿ ಇಡುತ್ತಿದ್ದಳು."
ಕೊಳೆತ ಹಣ್ಣೂ ಅಲ್ಲದ, ಹಸಿ ಕೊತ್ತಂಬರಿಯೂ ಅಲ್ಲದ ಒಂದು ಸಿಹಿಗಮಲು;
ನಾವು ಅದನ್ನು ಬೇಸಿಗೆಯ ವಾಸನೆ ಎಂದುಕೊಂಡಿದ್ದೆವು.
"ಚರ್ಮ ನೋಡಬೇಡ, ಹೊಲಿಗೆ ನೋಡು" ಎಂದಳು.
ನನಗೆ! ಹೊಲಿಗೆಯವಳಿಗೆ!

ಹಾಸಿಗೆಯ ಅಂಚಿನ ಮಡಿಕೆ ಬಿಡಿಸಿದೆವು.
ನಿಬ್ಬು ಸೋರಿದಂತೆ ಕರಿ ಚುಕ್ಕೆಗಳು,
ಒದ್ದೆ ಬೆರಳಿಟ್ಟರೆ ಕಂದಾಗಿ ಹರಡಿದವು.
ಜೀರಿಗೆ ಹೊಟ್ಟಿನಷ್ಟು ಹಗುರ, ಕಳಚಿಟ್ಟ ಪೊರೆಗಳು.
ಮಂಚದ ಮರದ ಸೀಳಿನಲ್ಲಿ
ಸಾಬೂದಾನಿ ನುಚ್ಚಿನ ಹಾಗೆ ತತ್ತಿ.
ಆಮೇಲೆ ಅದು. ಅಗಸೆ ಬೀಜದಂತೆ ಚಪ್ಪಟೆ, ಕಂದು,
ಬೆಳಕಿಗೆ ಬೆಚ್ಚಿ ಓಡಿತು.
"ಪುನೇಜ್" ಎಂದಳು ಅಜ್ಜಿ.
ಗೋಡೆಯ ಕ್ಯಾಲೆಂಡರು ಹಿಡಿದ ಪಿನ್ನಿಗೂ
ಇವರ ಭಾಷೆಯಲ್ಲಿ ಅದೇ ಹೆಸರು.
ಪಿನ್ನು ಕಿತ್ತೆ. ಜುಲೈ ಕೆಳಗೆ ಬಿತ್ತು.
ಅದರ ಹಿಂದೆಯೂ ಒಂದು ತಿಗಣೆ.

ಕೊನೆಗೆ ಹಾಳೆ ಎತ್ತಿ ಬೆಳಕಿಗೆ ಹಿಡಿದೆ.
ನನ್ನ ಕಡೆ ನಾಲ್ಕು ತುಕ್ಕು ಕಲೆ.
ನಿನ್ನ ಕಡೆ, ವಿಲ್ನೇರ್,
ದಿಂಬಿನಿಂದ ಸೊಂಟದವರೆಗೆ ಹದಿನೇಳು.
ನಿನ್ನನ್ನೇ ಹೆಚ್ಚು ಉಂಡಿದ್ದವು ಅವು,
ನಿನ್ನ ಚರ್ಮ ಮಾತ್ರ ಬಾಯಿಬಿಡಲಿಲ್ಲ.

ನೀನು ಹಾಳೆ ನೋಡಿದೆ. ಬಹಳ ಹೊತ್ತು ನೋಡಿದೆ.
ಸೋಫಾವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಳಿಸಿದೆ,
ಇನ್ಯಾರೂ ಆಸೆಪಡದಂತೆ
ಮೈತುಂಬ ಕಪ್ಪು ಬಣ್ಣದಲ್ಲಿ ಅದರ ಹೆಸರು ಬರೆದೆ.

ನಡುರಾತ್ರಿ, ಮೂಲೆಯ ಲಾಂಡ್ರಿ ಅಂಗಡಿ.
ನಮ್ಮಿಬ್ಬರ ಬಟ್ಟೆಯೆಲ್ಲ ಡ್ರೈಯರಿನ ಕಡುಕಾವಿನಲ್ಲಿ ತಿರುಗುತ್ತಿತ್ತು.
ಯುಗೆತ್ ಅಜ್ಜಿಯ ಸತ್ತ ಗಂಡನ ಅಂಗಿ ತೊಟ್ಟು
ನೀನು ನನ್ನ ಪಕ್ಕದಲ್ಲಿ
ಒಂದು ಗುರುತೂ ಇಲ್ಲದ ನಿನ್ನ ತೋಳನ್ನು
ಪರಪರ ಕೆರೆದುಕೊಳ್ಳುತ್ತ ಕೂತಿದ್ದೆ.